ಆರು ಗ್ಲಾಸು, ಒಂದು ಚಿಟಿಕೆ ಮಣ್ಣು

ಬೀದರದ ಹೊಸ ಹೋಟೆಲಿನ ಮೇಲ್ಮಾಳಿಗೆ.
ಬಿಳಿ ಬಟ್ಟೆ ಹಾಸಿದ ಮೇಜು, ಒಬ್ಬೊಬ್ಬರೆದುರು
ಆರಾರು ಗ್ಲಾಸು, ನಾಲ್ಕು ತುಂಡು ಒಣ ಬ್ರೆಡ್ಡು,
ಉಗುಳಲಿಕ್ಕೊಂದು ಸ್ಟೀಲಿನ ಡಬರಿ.
ಎಂಟುನೂರು ರೂಪಾಯಿ ಕೊಟ್ಟು ಉಗುಳುವುದಂತೆ!
ನಾನು ಉಗುಳಲಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಾಸಿಕದಿಂದ ಬಂದ ಟೈ ಕಟ್ಟಿದ ಹುಡುಗ ಹೇಳಿಕೊಟ್ಟ:
ಗ್ಲಾಸಿನ ಕಾಲು ಹಿಡಿಯಿರಿ, ತಿರುಗಿಸಿ, ಮೂಸಿ,
ಹೊಳೆದದ್ದನ್ನು ಕಾಗದದ ಮೇಲೆ ಬರೆಯಿರಿ,
ತಪ್ಪು ಉತ್ತರ ಎಂಬುದಿಲ್ಲ.
ಮೂವತ್ತು ವರುಷ ಕೆಂಪು ಮಸಿಯಲ್ಲಿ
ಕೆಮಿಸ್ಟ್ರಿ ಪೇಪರು ತಿದ್ದಿದವಳಿಗೆ
ಆ ಮಾತಿಗೇ ಅರ್ಧ ಅಮಲು.

ಮೊದಲನೆಯದು ಬಿಳಿ.
ಹಸಿರು ಸೇಬು ಅಂದ ಹುಡುಗ, ಆಗತಾನೆ ಕೊಯ್ದ ಹುಲ್ಲು.
ನನಗೆ ಕಂಡದ್ದು ಪರೀಕ್ಷೆಯ ಹಾಲಿನ ಕಿಟಕಿ,
ಆಚೆ ಸದ್ದಿಲ್ಲದೆ ಉದುರುವ ಬೇವಿನ ಹೂವು,
ಹಲ್ಲು ಜುಮ್ಮೆನ್ನುವ ಎಳೆ ಹುಣಸೆ.
ಹಾಗೆಯೇ ಬರೆದೆ.

ಎರಡನೆಯದೂ ಬಿಳಿಯೇ. ಏನೂ ಅನ್ನಿಸಲಿಲ್ಲ.
ಬೀಗರ ಮನೆಯ ಚಹಾದಂತೆ
ನಕ್ಕು, ಕುಡಿದು, ಕೆಳಗಿಟ್ಟೆ.

ಮೂರನೆಯದು ಗುಲಾಬಿ.
ಪಕ್ಕದ ಕುರ್ಚಿಯ ಡಾಕ್ಟರ್ ಮಠಪತಿ ಕಣ್ಣು ಮುಚ್ಚಿ
"ಗುಲ್ಕಂದ, ಪಕ್ಕಾ ಗುಲ್ಕಂದ" ಅಂದರು; ಕಣ್ಣು ತೆರೆದು,
"ಮನಿಯಾಗ ಹೇಳಬ್ಯಾಡ್ರಿ ಟೀಚರ್."

ನಾಲ್ಕನೆಯದು ಕೆಂಪು.
ತುಟಿಗಿಟ್ಟೊಡನೆ ಮೊಣಕಾಲು ತಾವಾಗಿ ಸಡಿಲಾದವು.
ಶನಿವಾರ ಸಂಜೆ. ಅಜ್ಜಿ ಸುವಾರ್ತಮ್ಮ
ಕರಿದ್ರಾಕ್ಷಿ ಕುದಿಸಿ, ಹಳೆಯ ಸೀರೆಯಲ್ಲಿ ಸೋಸಿ,
ನಾಳೆಯ ಕರ್ತನ ಭೋಜನಕ್ಕೆ ಸೀಸೆ ತುಂಬುತ್ತಿದ್ದಳು.
ನಮ್ಮ ಮೆಥಡಿಸ್ಟರಲ್ಲಿ ಹುಳಿತದ್ದಕ್ಕೆ ಜಾಗವಿಲ್ಲ.
"ಕರ್ತಂದು ರಕ್ತ ಅದ, ಹುಳಿ ಬರಬಾರ್ದು."
ಒಂದು ಬೇಸಿಗೆ ಗಡಿಗೆಯ ತಳದಲ್ಲಿ
ಒಂದಿಷ್ಟು ಮರೆತು ಉಳಿಯಿತು.
ಹದಿನೈದು ದಿನಕ್ಕೆ ಮುಚ್ಚಳ ತೆಗೆದವಳು
ಮೂಸಿದಳು, ಬೆರಳದ್ದಿ ನೆಕ್ಕಿದಳು, ಮುಖ ಕಿವಿಚಿದಳು;
ಯಾರೂ ಇಲ್ಲವೆಂದುಕೊಂಡು ಇನ್ನೊಮ್ಮೆ ಅದ್ದಿದಳು.
ಬಾಗಿಲ ಸಂದಿನಲ್ಲಿ ನಾನಿದ್ದೆ.
ಆ ರಾತ್ರಿ ರೊಟ್ಟಿ ಬಡಿಯುತ್ತ ಅವಳು ಹೇಳಿದ ಕೀರ್ತನೆ
ಸಭೆಯ ಧಾಟಿಯಲ್ಲಿರಲಿಲ್ಲ.
ಕಾಗದದ ಮೇಲೆ ಬರೆದೆ:
ಅಜ್ಜಿ ಎರಡನೆಯ ಸಲ ಅದ್ದಿದ ಬೆರಳು.

ಐದನೆಯದು ಕಪ್ಪಿಗೆ ಹತ್ತಿರದ ಕೆಂಪು.
ಒಸಡು ಹಿಂಡಿತು, ನಾಲಗೆ ಒಣಗಿತು.
ತೊಗಲು, ತಂಬಾಕು, ಕೊನೆಗೆ ಮಣ್ಣಿನ ರುಚಿ, ಎಂದ ಹುಡುಗ.
ಮೂಲೆಯಲ್ಲಿ ಬಿದರಿ ಹೂದಾನಿ ಹರವಿಕೊಂಡಿದ್ದ
ಖಲೀಲ್ ಮಿಯಾ ತಲೆಯೆತ್ತಿದರು.
ಮದ್ಯ ಮುಟ್ಟುವವರಲ್ಲ, ಮಾರಲು ಬಂದವರು.
"ಯಾವ ಮಣ್ಣು?"
ಹುಡುಗ ತಡವರಿಸಿದ.
"ಮಣ್ಣಂದ್ರ ಒಂದೇ ಏನು?"
ಜೇಬಿನಿಂದ ಕಾಗದದ ಪೊಟ್ಟಣ ಬಂತು: ಕೋಟೆಯೊಳಗೆ
ಬಿಸಿಲು ಮಳೆ ಕಾಣದ ಮೂಲೆಯ ಮಣ್ಣು.
"ಮೊದಲ ಉಪ್ಪು ಹತ್ತಬೇಕು, ಆಮ್ಯಾಲ ಚುರ್ ಅನಬೇಕು.
ಅನಲಿಲ್ಲಂದ್ರ ಸಾಮಾನು ಕರಿ ಆಗಂಗಿಲ್ಲ, ಚಾಂದಿ ಕಾಣಂಗಿಲ್ಲ."
ತಾವೇ ಒಂದು ಚಿಟಿಕೆ ನಾಲಗೆಗಿಟ್ಟು,
ತುಸು ಹೊತ್ತು ಎಲ್ಲಿಗೋ ಕಿವಿಗೊಟ್ಟವರಂತೆ ಕೂತು,
ಡಬರಿಗೆ ಬಾಗಿ ಅಚ್ಚುಕಟ್ಟಾಗಿ ಉಗುಳಿದರು.
ಇಡೀ ಸಭೆಯಲ್ಲಿ ಉಗುಳಲು ಬಂದದ್ದು ಅವರೊಬ್ಬರಿಗೇ.

ನಾನೂ ಅಂಗೈ ಚಾಚಿದೆ.
ಏನನ್ನೂ ಬಾಯಿಗಿಡಬೇಡಿ: ಲ್ಯಾಬಿನ ಗೋಡೆಗೆ
ವರುಷಕ್ಕೊಮ್ಮೆ ನಾನೇ ಅಂಟಿಸುತ್ತಿದ್ದ ಮೊದಲ ನಿಯಮ.
ಉಪ್ಪು. ಹಳೆ ಸುಣ್ಣ. ಬಾವಲಿಯ ಕತ್ತಲು.
ಆಮೇಲೆ, ಹೌದು, ಚುರ್.
ನೈಟ್ರೇಟು ಎಂದು ಬಾಯಿಗೆ ಬಂತು, ಅನ್ನಲಿಲ್ಲ.

ಆರನೆಯದು ಸಿಹಿ, ಊಟದ ನಂತರದ್ದಂತೆ.
ಅದರ ರುಚಿ ನನ್ನನ್ನು ಕೇಳಬೇಡಿ.
ಕಾಗದ ಒಟ್ಟುಮಾಡುತ್ತ ಹುಡುಗ ನನ್ನದರ ಮುಂದೆ ನಿಂತ:
"ಮೇಡಂ, ಇಲ್ಲಿ ಖಾಲಿ ಬಿಟ್ಟೀರಿ."
"ಇನ್ನೂ ಉರೀಲಿಕ್ಕತ್ತದಪ್ಪ," ಅಂದೆ.

ಕೆಳಗೆ ಆಟೋ ಕಾಯುತ್ತ ಮಠಪತಿ ಡಾಕ್ಟರು
ಏಲಕ್ಕಿ ಸುಲಿದು ಒಂದು ನನಗೂ ಕೊಟ್ಟರು.
ಪರ್ಸಿನೊಳಗೆ ಹಾಕಿಕೊಂಡೆ.